ಒಂದು ಮನೆ, ಮೂರು ಒಲೆ

ವೆಂಕಟಸುಬ್ಬಯ್ಯನವರ ನೆಮ್ಮದಿ ಹಾಳಾದದ್ದು ಪಕ್ಕದ ಮನೆಯ ತಂತಿಯ ಮೇಲೆ ಒಣಗುತ್ತಿದ್ದ ಹನ್ನೊಂದು ಬನಿಯನ್ನುಗಳಿಂದ. ಒಂದು ಸಂಸಾರವೆಂದರೆ ಒಬ್ಬ ಗಂಡಸು, ಹೆಚ್ಚೆಂದರೆ ಇಬ್ಬರು. ಹನ್ನೊಂದು ಬನಿಯನ್ನು ಎಲ್ಲಿಂದ ಬಂದವು? ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಊರವರ ಅರ್ಜಿಗಳಲ್ಲಿ ಸುಳ್ಳು ಹೆಕ್ಕಿ ಹೆಕ್ಕಿ ಪಳಗಿದ ಅವರಿಗೆ ಅಲ್ಲೇನೋ ಹುಳುಕಿದೆ ಎಂದು ಅನ್ನಿಸಿಬಿಟ್ಟಿತು. ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಎರಡು ಭಾನುವಾರ ಕಾದು ಕುಳಿತು ಪತ್ತೆಯನ್ನೂ ಹಚ್ಚಿದರು. ಕಲೀಮುಲ್ಲಾ ಸಾಹೇಬರು ತಮ್ಮ ಮನೆಯ ಕೋಣೆಗಳನ್ನು ಕಾರ್ಖಾನೆಯ ಐದು ಮಂದಿ ಬ್ರಹ್ಮಚಾರಿಗಳಿಗೆ ಬಾಡಿಗೆಗೆ ಕೊಟ್ಟಿದ್ದರು.

ಇಂದಿರಾನಗರ ಆಗಿನ್ನೂ ಹೊಸದು. ಹಲಸೂರು ದಾಟಿ ಬಂದರೆ ಅರ್ಧ ನಿವೇಶನಗಳಲ್ಲಿ ಮನೆ, ಇನ್ನರ್ಧದಲ್ಲಿ ಎಮ್ಮೆ. ನಿವೇಶನ ಹಂಚಿದ ಬಡಾವಣೆ ಮಂಡಳಿಯವರು ಒಂದು ಷರತ್ತು ಹಾಕಿದ್ದರು. ಮನೆಯಲ್ಲಿ ಮಾಲೀಕನೇ ವಾಸವಾಗಿರಬೇಕು, ಒಂದೇ ಕುಟುಂಬ ಇರಬೇಕು, ಮಂಡಳಿಯ ಅಪ್ಪಣೆಯಿಲ್ಲದೆ ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಡಬಾರದು. ಐದು ವರ್ಷ ಹೀಗೆ ಸಭ್ಯವಾಗಿ ಬದುಕಿ ತೋರಿಸಿದರೆ ಕ್ರಯಪತ್ರ ಕೈಗೆ ಬರುತ್ತದೆ. ಅಲ್ಲಿಯವರೆಗೆ ಗೋಡೆ ನಿಮ್ಮದು, ನೆಲ ಮಂಡಳಿಯದು. ವೆಂಕಟಸುಬ್ಬಯ್ಯನವರಿಗೆ ಐದು ವರ್ಷ ತುಂಬಲು ಇನ್ನು ಆರೇ ತಿಂಗಳು ಬಾಕಿಯಿತ್ತು. ಹುಟ್ಟಿದಾಗಿನಿಂದ ಬಾಡಿಗೆ ಮನೆಗಳಲ್ಲೇ ಬೆಳೆದ ಜೀವ ಅದು. ಕ್ರಯಪತ್ರವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುವ ದಿನವನ್ನು ಅವರು ಪಂಚಾಂಗ ನೋಡಿ ಆಗಲೇ ಗೊತ್ತು ಮಾಡಿದ್ದರು.

"ಐದು ಜನ ಗಂಡು ಹುಡುಗರು ಕಣೇ! ಬೆಳಗಾಗೆದ್ರೆ ಸೈಕಲ್ ಬೆಲ್ಲು, ರೇಡಿಯೋದಲ್ಲಿ ಹಿಂದಿ ಹಾಡು! ಮನೇಲಿ ವಯಸ್ಸಿಗೆ ಬಂದ ಮಗಳಿದಾಳೆ!" ಎಂದು ಹೆಂಡತಿ ಜಲಜಾಳ ಎದುರು ಕೂಗಾಡಿದರು.

"ವೇದಾ ಕಾಲೇಜಿಗೆ ಹೋಗೋ ಬಸ್ಸಲ್ಲಿ ಐವತ್ತು ಜನ ಗಂಡಸರಿರ್ತಾರೆ. ಆ ಬಸ್ಸನ್ನೂ ಖಾಲಿ ಮಾಡಿಸ್ತೀರಾ?"

"ಇದು ತತ್ವದ ಪ್ರಶ್ನೆ!"

"ತತ್ವ ಆಮೇಲೆ. ಮೊದಲು ಸೀಮೆಎಣ್ಣೆ ಕ್ಯೂನಲ್ಲಿ ಡಬ್ಬ ಇಟ್ಟು ಬನ್ನಿ."

(ಡಬ್ಬ ಇಟ್ಟು ಬಂದರು. ತತ್ವ ಎಲ್ಲಿಗೂ ಓಡಿಹೋಗುವುದಿಲ್ಲ, ಸೀಮೆಎಣ್ಣೆ ಮುಗಿದುಹೋಗುತ್ತದೆ.)

ಬಡಾವಣೆಯಲ್ಲೊಂದು ನಿವಾಸಿಗಳ ಸಂಘವಿತ್ತು. ಅದಕ್ಕೆ ಒಂಬತ್ತು ಸದಸ್ಯರು. ಕಾರ್ಯದರ್ಶಿ ವೆಂಕಟಸುಬ್ಬಯ್ಯ. ಗೇಟಿನ ಮೇಲಿನ ಹಿತ್ತಾಳೆ ಫಲಕದಲ್ಲಿ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಕಾರ್ಯದರ್ಶಿ' ಎಂದು ಕೆತ್ತಿಸಿಕೊಂಡಿದ್ದರು. ಆ ಅಧಿಕಾರದ ಮೇಲೆ ಮಂಡಳಿಗೆ ದೂರು ಬರೆದರು. ಮಂಡಳಿಯಿಂದ ಬಂದ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಒಂದೇ ಕುಟುಂಬ ಇರಬೇಕೆನ್ನುವುದು ನಿಜ; ಆದರೆ ಕುಟುಂಬವೆಂದರೆ ಯಾರು ಯಾರು ಎಂದು ನಿಯಮದಲ್ಲಿ ಹೇಳಿಲ್ಲ; ಕಲೀಮುಲ್ಲಾ ಅವರು ಐವರನ್ನೂ ತಮ್ಮ ಮನೆಯ ಮಕ್ಕಳೆಂದೇ ಹೇಳುತ್ತಿದ್ದಾರೆ; ಏನು ಮಾಡುವುದು?

ಆಗ ಹೊಳೆಯಿತು ನೋಡಿ ಆ ಮಹತ್ತರ ಉಪಾಯ. ಎರಡು ತಿಂಗಳ ಹಿಂದೆ ಒಮ್ಮೆ ಪಕ್ಕದ ಮನೆಯಿಂದ ಒಟ್ಟಿಗೆ ಐದು ಪಂಪ್ ಸ್ಟೌವುಗಳು ಭರ್ರೆನ್ನುವುದನ್ನು ಕೇಳಿ, "ಇವು ಸಿಡಿದರೆ ಬೀದಿಯೇ ಸುಟ್ಟುಹೋಗುತ್ತೆ ಸಾಹೇಬರೇ" ಎಂದು ವೆಂಕಟಸುಬ್ಬಯ್ಯನವರೇ ಹೋಗಿ ಎಚ್ಚರಿಕೆ ಕೊಟ್ಟು ಬಂದಿದ್ದರು. ಒಬ್ಬೊಬ್ಬನಿಗೆ ಒಂದೊಂದು ಒಲೆ! ಅಲ್ಲೇ ಸಿಕ್ಕಿಬಿದ್ದರಲ್ಲ! ಕೂಡಲೇ ಕಾಗದ ತೆಗೆದುಕೊಂಡು, ಒಂದು ಒಲೆಯ ಅಡಿಗೆ ಉಣ್ಣುವವರೆಲ್ಲ ಒಂದು ಕುಟುಂಬ, ಒಲೆ ಎರಡಾದರೆ ಕುಟುಂಬ ಎರಡು, ಮೂರಾದರೆ ಮೂರು ಎಂದು ಬರೆದರು. ರಕ್ತಸಂಬಂಧವನ್ನು ಪರಿಗಣಿಸತಕ್ಕದ್ದಲ್ಲ ಎಂದು ಕೊನೆಗೊಂದು ಸಾಲು ಸೇರಿಸಿದರು. ಸೋದರಳಿಯ, ಷಡ್ಡಕನ ಮಗ ಎಂದು ಯಾರೂ ನುಣುಚಿಕೊಳ್ಳಬಾರದಲ್ಲ! ಬರೆದದ್ದನ್ನು ತಾವೇ ಮೂರು ಸಲ ಓದಿಕೊಂಡರು. ಇಷ್ಟು ಚೊಕ್ಕವಾದ ವಾಕ್ಯಗಳನ್ನು ತಾವು ಜೀವಮಾನದಲ್ಲಿ ಬರೆದಿರಲಿಲ್ಲ ಎಂದು ಅವರಿಗೆ ಹೆಮ್ಮೆಯಾಯಿತು.

ಮಂಡಳಿಗೂ ಅದು ಬಹಳ ಹಿಡಿಸಿತು. ಇಡೀ ಬಡಾವಣೆಗೆ ಅದನ್ನೇ ನಿಯಮ ಮಾಡಿ, ತನಿಖೆಗೆ ಮುನಿವೆಂಕಟಪ್ಪ ಎಂಬ ಇನ್ಸ್‌ಪೆಕ್ಟರನ್ನು ಕಳಿಸಿಯೇ ಬಿಟ್ಟರು. ದಪ್ಪ ಮೀಸೆ, ಕಂಕುಳಲ್ಲಿ ಪುಸ್ತಕ, ಮಾತು ಮಾತ್ರ ಬೆಣ್ಣೆ. ವೆಂಕಟಸುಬ್ಬಯ್ಯನವರು ರಜ ಹಾಕಿ, ಕರಿ ಕೋಟು ತೊಟ್ಟು, ಸಂಘದ ಪರವಾಗಿ ಅವರ ಜೊತೆಯಲ್ಲೇ ಕಲೀಮುಲ್ಲಾ ಅವರ ಮನೆಗೆ ಹೊರಟರು.

ಕಲೀಮುಲ್ಲಾ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಮಕ್ಕಳೆಲ್ಲ ಮದುವೆಯಾಗಿ ಹೋದಮೇಲೆ ಗಂಡ ಹೆಂಡತಿ ಇಬ್ಬರಿಗೆ ಅಷ್ಟು ದೊಡ್ಡ ಮನೆ ಭಣಗುಟ್ಟುತ್ತಿತ್ತು. ಅವರು ಇಬ್ಬರನ್ನೂ ಕೈ ಹಿಡಿದು ಒಳಗೆ ಕರೆದರು.

"ಬನ್ನಿ ಸುಬ್ಬಯ್ಯ ಸಾಬ್, ಬನ್ನಿ. ಏನು ನೋಡ್ಬೇಕೋ ನೋಡಿ, ನಮ್ದೇನು ಪರದೆ ಇಲ್ಲ."

ಐದು ಕೋಣೆಗಳನ್ನೂ ನೋಡಿದ್ದಾಯಿತು. ಹಾಸಿಗೆ ಇತ್ತು, ಟ್ರಂಕು ಇತ್ತು, ಬನಿಯನ್ನುಗಳಂತೂ ಇದ್ದೇ ಇದ್ದವು. ಸ್ಟೌವು ಮಾತ್ರ ಒಂದೂ ಇಲ್ಲ! ವೆಂಕಟಸುಬ್ಬಯ್ಯನವರು ಬಗ್ಗಿ ಮಂಚದ ಕೆಳಗೆಲ್ಲ ನೋಡಿದರು.

"ಒಲೆಗಳೆಲ್ಲಿ? ಐದು ಒಲೆ ಇದ್ದವಲ್ಲ!"

ಅಡಿಗೆಮನೆಯ ಬಾಗಿಲಿನಿಂದ ಕಲೀಮುಲ್ಲಾ ಅವರ ಹೆಂಡತಿ ಉಮ್ಮೆ ಕುಲ್ಸುಂ ಹೇಳಿದರು: "ಭಾಯ್, ಸ್ಟೌವು ಸಿಡಿದ್ರೆ ಬೀದಿನೇ ಸುಟ್ಟೋಗ್ತದೆ ಅಂತ ನೀವೇ ಬಂದು ಹೇಳಿದ್ರಲ್ಲ? ನಂಗೆ ಭಾಳ ಹೆದರಿಕೆ ಆಗೋಯ್ತು. ಐದನ್ನೂ ಅವತ್ತೇ ಶಿವಾಜಿನಗರದ ಗುಜರಿಗೆ ಹಾಕಿಸ್ಬಿಟ್ಟೆ. ಈಗ ಎಲ್ರಿಗೂ ನಾನೇ ಬೇಯಿಸಿ ಹಾಕ್ತೀನಿ."

ಒಳಗೆ ಒಂದೇ ಒಲೆ, ಅದರ ಮೇಲೆ ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಪಾತ್ರೆ.

"ಎಲ್ರೂ ಇದೇ ಒಲೆ ಅಡಿಗೇನೇ ಉಣ್ತಾರಾ ತಾಯಿ?" ಎಂದು ಮುನಿವೆಂಕಟಪ್ಪ ಕೇಳಿದರು.

"ಒಂದೇ ದಸ್ತರ್ಖಾನ್ ಹಾಸಿ ಕೂತ್ಕೊಳ್ತಾರೆ. ಅನಂತರಾಮು ಒಬ್ಬ ಗೋಷ್ ತಿನ್ನೋದಿಲ್ಲ. ಅವನಿಗೆ ಬೇಳೆ ಅನ್ನ ಮೊದಲೇ ಮಾಡಿ ತೆಗೆದಿಟ್ಬಿಡ್ತೀನಿ."

ಅನಂತರಾಮು ಎಂಬ ಹೆಸರು ಕೇಳಿ ವೆಂಕಟಸುಬ್ಬಯ್ಯನವರ ಎದೆ ಧಸಕ್ಕೆಂದಿತು. ಆದರೆ ಧಸಕ್ಕೆನ್ನುವ ಕೆಲಸ ಇನ್ನೂ ಬಹಳ ಬಾಕಿಯಿತ್ತು. ಮುನಿವೆಂಕಟಪ್ಪ ಪೆನ್ಸಿಲನ್ನು ನಾಲಗೆಗೆ ತಾಗಿಸಿ, "ಒಲೆ ಒಂದು. ಜನ ಏಳು. ಕುಟುಂಬ ಒಂದು. ಸರಿಯಾಗಿದೆ" ಎಂದು ಬರೆದುಕೊಂಡು ಪುಸ್ತಕ ಮುಚ್ಚಿದರು.

"ಸರಿ ಹೇಗ್ರೀ ಆಗುತ್ತೆ? ಅವರೈದು ಜನಾನೂ ಬಾಡಿಗೆಯವರು!"

"ರಕ್ತಸಂಬಂಧ ನೋಡಬಾರದು ಅಂತ ನಿಯಮದಲ್ಲಿದೆ ಸ್ವಾಮಿ. ಬರೆದವರು ಯಾರೋ, ಬಹಳ ಬುದ್ಧಿವಂತರು. ನಡೀರಿ, ಮುಂದಿನ ಮನೆ ನಿಮ್ಮದೇ ಅಲ್ವಾ? ನೋಡ್ಬಿಡೋಣ."

ಆಗಲೂ ವೆಂಕಟಸುಬ್ಬಯ್ಯನವರಿಗೆ ಅಪಾಯದ ವಾಸನೆ ಬರಲಿಲ್ಲ. ತಾಯಿ, ತಾನು, ಹೆಂಡತಿ, ಮಗಳು. ಇದು ಕುಟುಂಬವಲ್ಲದಿದ್ದರೆ ಇನ್ನು ಯಾವುದು? ಇನ್ಸ್‌ಪೆಕ್ಟರಿಗೆ ಕಾಫಿ ಕೊಡುವಂತೆ ಗೇಟಿನಿಂದಲೇ ಕೂಗಿ ಹೇಳಿದರು.

ಅಡಿಗೆಮನೆಯಲ್ಲಿ ಜಲಜಾ ಬತ್ತಿ ಸ್ಟೌವಿನ ಮೇಲೆ ಈರುಳ್ಳಿ ಹುಳಿ ಕುದಿಸುತ್ತಿದ್ದಳು. "ಒಂದು" ಎಂದರು ಮುನಿವೆಂಕಟಪ್ಪ. ಹಿಂದಿನ ಕೋಣೆಯಿಂದ ಹೊಗೆ ಬರುತ್ತಿತ್ತು. ಅಲ್ಲಿ ವೆಂಕಟಸುಬ್ಬಯ್ಯನವರ ತಾಯಿ ಸೀತಾಲಕ್ಷ್ಮಮ್ಮ ಮಡಿಯುಟ್ಟು, ಇದ್ದಿಲ ಒಲೆಯ ಮೇಲೆ ತಮ್ಮ ಅನ್ನ ಇಟ್ಟುಕೊಂಡಿದ್ದರು. "ಎರಡು."

"ಅದು ನಮ್ಮ ತಾಯಿಯವರ ಮಡಿ ಒಲೆ!"

"ಒಲೆ ತಾನೆ? ಅಮ್ಮಾ, ನೀವು ಆ ಅಡಿಗೆಮನೇಲಿ ಮಾಡಿದ್ದು ಉಣ್ತೀರಾ?"

"ಶಿವ ಶಿವ! ಅಲ್ಲಿ ಕಾಯಿಸಿದ ನೀರು ಕೂಡ ಮುಟ್ಟೋಲ್ಲ ನಾನು!" ಎಂದು ಸೀತಾಲಕ್ಷ್ಮಮ್ಮ ಹೊಸ ಮನುಷ್ಯ ಸಿಕ್ಕ ಉತ್ಸಾಹದಲ್ಲಿ ಶುರು ಮಾಡಿದರು. "ಈರುಳ್ಳಿ ಅಂತೆ, ಬೆಳ್ಳುಳ್ಳಿ ಅಂತೆ. ನೇಮ ಇಲ್ಲ, ನಿಷ್ಠೆ ಇಲ್ಲ. ನಂದು ನನಗೆ, ಅವಳದು ಅವಳಿಗೆ."

ಜಲಜಾ ಸೌಟು ಹಿಡಿದೇ ಬಂದಳು. "ಕೇಳಿಸ್ಕೊಳ್ಳಿ ಇನ್ಸ್‌ಪೆಕ್ಟರ್ರೇ! ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಯಾವ ಮನೇಲೂ ಇವರ ಮಡಿ ಕೋಣೆ ಹೊಸಲು ಕೂಡ ತುಳಿಯೋಕೆ ಬಿಟ್ಟಿಲ್ಲ. ಒಂದೇ ಸೂರಿನ ಕೆಳಗೆ ಇದ್ದೀವಿ, ಅಷ್ಟೆ. ಬರ್ಕೊಳ್ಳಿ!"

"ಬರ್ಕೊಳ್ತಾ ಇದೀನಿ ತಾಯಿ" ಎಂದರು ಮುನಿವೆಂಕಟಪ್ಪ.

ವೆಂಕಟಸುಬ್ಬಯ್ಯನವರು ಇಬ್ಬರಿಗೂ ಕಣ್ಸನ್ನೆ ಮಾಡಿದರು, ಕೆಮ್ಮಿದರು, ಕೊನೆಗೆ ಕೈ ಜೋಡಿಸಿದರು. ಸರ್ಕಾರದ ಮನುಷ್ಯನೊಬ್ಬ ಮನೆಯೊಳಗೆ ಬಂದು ತಮ್ಮ ದೂರನ್ನು ಲಿಖಿತವಾಗಿ ದಾಖಲು ಮಾಡಿಕೊಳ್ಳುವ ಅವಕಾಶ ಅತ್ತೆ ಸೊಸೆಯರಿಗೆ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ? ಇಬ್ಬರೂ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಮುನಿವೆಂಕಟಪ್ಪ ಬಚ್ಚಲುಮನೆಗೆ ಇಣುಕಿ "ಮೂರು" ಎಂದರು.

"ಅಯ್ಯೋ, ಅದು ನೀರೊಲೆ ಕಣ್ರೀ! ಸ್ನಾನದ ಹಂಡೆ! ಅದರಲ್ಲಿ ಯಾರಾದರೂ ಅಡಿಗೆ ಮಾಡ್ತಾರೇನ್ರೀ?"

ಮಾತು ಮುಗಿಯುವಷ್ಟರಲ್ಲಿ ವೇದಾ ಇಕ್ಕಳ ಹಿಡಿದು ಬಂದು, "ಅಪ್ಪ, ಸ್ವಲ್ಪ ಸರೀರಿ" ಎಂದು ಬೂದಿಯೊಳಗಿನಿಂದ ಎರಡು ಗೆಣಸುಗಳನ್ನು ತೆಗೆದಳು. ಒಂದನ್ನು ಇನ್ಸ್‌ಪೆಕ್ಟರಿಗೇ ಕೊಟ್ಟಳು. ಅವರು ಬಾಯಲ್ಲಿ ಗೆಣಸು ಇಟ್ಟುಕೊಂಡೇ ಬರೆದರು: ಒಲೆ ಮೂರು. ಜನ ನಾಲ್ಕು. ಕುಟುಂಬ ಮೂರು. ಮನೆಯನ್ನು ಅಪ್ಪಣೆಯಿಲ್ಲದೆ ಹಂಚಿಕೆ ವಾಸಕ್ಕೆ ಪರಿವರ್ತಿಸಲಾಗಿದೆ.

ವಾರದೊಳಗೆ ನೋಟೀಸು ಬಂತು. ಇನ್ನು ಒಂದೇ ಒಲೆ ಉರಿಯಬೇಕು. ಯಾವ ದಿನ ಬೇಕಾದರೂ ಬಂದು ನೋಡುತ್ತೇವೆ. ತಪ್ಪಿದರೆ ಕ್ರಯಪತ್ರ ಇಲ್ಲ. ವೆಂಕಟಸುಬ್ಬಯ್ಯನವರು ಓದಿ ಅಕ್ಷರಶಃ ಅತ್ತರು. ಐವತ್ತು ವರ್ಷದ ಗಂಡಸು ಒಲೆಗಾಗಿ ಅತ್ತದ್ದನ್ನು ಯಾರೂ ನೋಡದಿರಲೆಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

"ಅಮ್ಮ, ಮೂರು ತಿಂಗಳ ಮಟ್ಟಿಗೆ ಜಲಜಾ ಒಲೇಲೇ..."

"ನನ್ನನ್ನ ಕಾಶಿಗೆ ಕಳಿಸ್ಬಿಡು. ಅಲ್ಲೇ ಗಂಗೇಲಿ ಬಿದ್ದಿರ್ತೀನಿ."

"ಜಲಜಾ, ಮೂರು ತಿಂಗಳ ಮಟ್ಟಿಗೆ ಅಮ್ಮನ ಒಲೇಲೇ..."

"ನಾನು ಕೋಲಾರಕ್ಕೆ ಹೋಗ್ತೀನಿ. ನಮ್ಮಣ್ಣನ ಮನೇಲಿ ಈರುಳ್ಳೀನ ಯಾರೂ ಕೊಲೆಗಾರನ ಹಾಗೆ ನೋಡಲ್ಲ."

ಮೂರು ದಿನ ಹೀಗೇ ನಡೆಯಿತು. ಅವಳ ಕೈ ತಾಗಿದ ಒಲೆ ಬೇಡ ಎಂದು ಇವರು, ಅವರ ಕೈಕೆಳಗೆ ಅಡಿಗೆ ಮಾಡುವುದಿಲ್ಲ ಎಂದು ಇವಳು. ನಾಲ್ಕನೆಯ ದಿನ ಸೀತಾಲಕ್ಷ್ಮಮ್ಮ ಯೋಚನೆ ಮಾಡಿ ಮಾಡಿ, "ಅವಳೂ ಮುಟ್ಟಬಾರದು, ನಾನೂ ಮುಟ್ಟಲ್ಲ. ಸುಬ್ಬು ತಣ್ಣೀರು ಸ್ನಾನ ಮಾಡಿ ಮಡೀಲಿ ಮಾಡಿದ್ರೆ ನನ್ನ ಅಭ್ಯಂತರ ಏನಿಲ್ಲ" ಎಂದರು.

 ಜಲಜಾ ಹದಿನೆಂಟು ವರ್ಷದ ಸಂಸಾರದಲ್ಲಿ ಯಾರೂ ಕೇಳಿರದಿದ್ದ ಮಾತನ್ನು ಆಡಿದಳು: "ಅತ್ತೆ ಹೇಳೋದು ಸರಿಯಾಗಿದೆ."

ಅಲ್ಲಿಂದ ವೆಂಕಟಸುಬ್ಬಯ್ಯನವರ ಅಜ್ಞಾತವಾಸ ಆರಂಭವಾಯಿತು. ನೀರೊಲೆ ಆರಿದ್ದರಿಂದ ಬಿಸಿನೀರಿಲ್ಲ. ಧನುರ್ಮಾಸದ ಚಳಿಯಲ್ಲಿ ಕೊಳಾಯಿ ನೀರು ತಲೆಯ ಮೇಲೆ ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಹಲ್ಲು ಕಟಕಟಿಸುತ್ತ ಒಲೆ ಹಚ್ಚಬೇಕು. ಮೊದಲು ತಾಯಿಗೆ ಈರುಳ್ಳಿಯಿಲ್ಲದ ಸಾರು. ಅದನ್ನು ಬಡಿಸಿ, ಪಾತ್ರೆ ಬದಲಾಯಿಸಿ, ಹೆಂಡತಿ ಮಗಳಿಗೆ ಈರುಳ್ಳಿ ಹಾಕಿದ ಹುಳಿ. ತಾಯಿಗೆ ಉಪ್ಪು ಹೆಚ್ಚು, ಹೆಂಡತಿಗೆ ಉಪ್ಪು ಕಡಿಮೆ, ಮಗಳಿಗೆ ಎಲ್ಲವೂ ಸೀದ ವಾಸನೆ. ಹತ್ತು ಗಂಟೆಗೆ ಕಚೇರಿ. ಅಲ್ಲಿ ಇಂಗಿನ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಎಲ್ಲರೂ ಮೂಗರಳಿಸಿ ಹುಡುಕುತ್ತಿದ್ದರು, ಅವರೂ ಜೊತೆಗೆ ಹುಡುಕುವಂತೆ ನಟಿಸುತ್ತಿದ್ದರು.

ಕಾಂಪೌಂಡಿನ ಆಚೆಯಿಂದ ಅನಂತರಾಮು, "ಸಾರ್, ಬೇಳೆಗೆ ಒಂದು ತೊಟ್ಟು ಎಣ್ಣೆ ಬಿಡಿ, ಬೇಗ ಬೇಯುತ್ತೆ. ಕುಲ್ಸುಂ ಅಮ್ಮ ಹಾಗೇ ಮಾಡೋದು" ಎಂದು ಬುದ್ಧಿ ಹೇಳುತ್ತಿದ್ದ. ಅದನ್ನು ಕೇಳಿ ವೆಂಕಟಸುಬ್ಬಯ್ಯನವರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿತ್ತು. ಎಣ್ಣೆಯನ್ನು ಮಾತ್ರ ಬಿಟ್ಟರು. ಬೇಳೆ ಬೇಗ ಬೆಂದಿತು.

ಇಷ್ಟೆಲ್ಲ ಆದರೂ ದಿನಗಳು ಹೇಗೋ ಉರುಳಿ, ಕ್ರಯಪತ್ರಕ್ಕೆ ಎಂಟೇ ದಿನ ಉಳಿಯಿತು. ಅವತ್ತು ಬೆಳಗ್ಗೆ ಜಲಜಾ ತರಕಾರಿಗೆಂದು ಹಲಸೂರು ಮಾರ್ಕೆಟ್ಟಿಗೆ ಹೋಗಿದ್ದಳು, ವೇದಾ ಕಾಲೇಜಿಗೆ. ಸೀತಾಲಕ್ಷ್ಮಮ್ಮ ದೇವರ ಮುಂದೆ ಜಪಕ್ಕೆ ಕುಳಿತಿದ್ದರು. ಜಪ ಮುಗಿಯುವವರೆಗೆ ಅವರಿಗೆ ಮೌನ; ಮನೆಗೆ ಬೆಂಕಿ ಬಿದ್ದರೂ ಮಾತಿಲ್ಲ. ಬಾಗಿಲು ತಟ್ಟಿದ ಸದ್ದಾಯಿತು. ವೆಂಕಟಸುಬ್ಬಯ್ಯನವರು ಸೌಟು ಹಿಡಿದೇ ಹೋಗಿ ತೆರೆದರು. ಮುನಿವೆಂಕಟಪ್ಪನವರಿಗೆ ವರ್ಗವಾಗಿ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಇನ್ಸ್‌ಪೆಕ್ಟರ್, ಇಸ್ತ್ರಿ ಪ್ಯಾಂಟು, ಕಪ್ಪು ಕನ್ನಡಕ. ಅವನು ಇವರನ್ನು ಅಡಿಯಿಂದ ಮುಡಿವರೆಗೆ ನೋಡಿದ. ಒದ್ದೆ ಪಂಚೆ, ಬರಿಮೈ, ಜನಿವಾರ, ಮೂಗಿನ ತುದಿಗೆ ಮಸಿ.

"ಏನಪ್ಪಾ, ಯಜಮಾನ್ರಿದಾರಾ?"

ಏನಪ್ಪಾ! ಆ ಒಂದು ಮಾತು ಎದೆಗೆ ನಾಟಿತು. ಹುಡುಗನ ಬೆನ್ನ ಹಿಂದೆ ಗೇಟಿನ ಹಿತ್ತಾಳೆ ಫಲಕ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಆ ಕಾರ್ಯದರ್ಶಿ ನಾನೇ ಎಂದು ಈ ವೇಷದಲ್ಲಿ ಹೇಗೆ ಹೇಳುವುದು? ನಾಳೆ ಮಂಡಳಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದಿಲ್ಲವೇ? ನಾಲಗೆ ತಾನಾಗಿ ಹೊರಳಿತು.

"ಇಲ್ಲ. ಯಜಮಾನ್ರು ಮನೇಲಿಲ್ಲ."

ದೇವರಮನೆಯಿಂದ ಠಣ್ ಎಂದು ಶಬ್ದವಾಯಿತು. ಸೀತಾಲಕ್ಷ್ಮಮ್ಮ ಉದ್ಧರಣೆಯನ್ನು ಪಂಚಪಾತ್ರೆಗೆ ಕುಟ್ಟಿದ್ದರು.

"ಎಲ್ಲಿಗೆ ಹೋಗಿದಾರೆ?"

"ಗೊತ್ತಿಲ್ಲ."

"ಯಾವಾಗ ಬರ್ತಾರೆ?"

"ಹೇಳಿಲ್ಲ."

ಠಣ್! ಠಣ್!

"ಏನದು ಸದ್ದು?"

"ವಯಸ್ಸಾದ ಅಮ್ಮನವರೊಬ್ಬರಿದಾರೆ. ಜಪ ಮಾಡ್ತಿದಾರೆ."

"ನೀನು ಎಷ್ಟು ದಿನದಿಂದ ಇಲ್ಲಿ ಅಡಿಗೆ ಮಾಡ್ತಿದೀಯ?"

"ಎರಡೂವರೆ ತಿಂಗಳಾಯ್ತು." (ಅದೊಂದು ಅಪ್ಪಟ ಸತ್ಯ.)

"ಯಾರ್ಯಾರು ಊಟ ಮಾಡ್ತಾರೆ?"

"ಆ ಅಮ್ಮನವರಿಗೆ ಮೊದಲ ಪಂಕ್ತಿ, ಬೇರೆ ಅಡಿಗೆ. ಇನ್ನೊಬ್ಬರು ಅಮ್ಮನವರು, ಒಬ್ಬಳು ಕಾಲೇಜು ಹುಡುಗಿ. ಅವರಿಗೆ ಎರಡನೇ ಪಂಕ್ತಿ."

ಠಣ ಠಣ ಠಣ ಠಣ! ಹೊಸ ಇನ್ಸ್‌ಪೆಕ್ಟರ್ ಒಳಗೆ ಬಂದು ಒಂದೇ ಒಲೆಯನ್ನು ನೋಡಿ ತಲೆಯಾಡಿಸಿ, ಏನೇನೋ ಬರೆದುಕೊಂಡು ಹೋದ. ವೆಂಕಟಸುಬ್ಬಯ್ಯನವರು ಬಾಗಿಲು ಹಾಕಿ ಉಸ್ಸೆಂದರು. ಒಲೆಯೂ ಒಂದೇ ಆಯಿತು, ಮಾನವೂ ಉಳಿಯಿತು.

ಜಪ ಮುಗಿಸಿ ಎದ್ದ ಸೀತಾಲಕ್ಷ್ಮಮ್ಮನವರ ಕಣ್ಣಲ್ಲಿ ನೀರಿತ್ತು. "ಹೆತ್ತ ತಾಯಿ ಒಳಗೆ ಕೂತಿರೋವಾಗ, ಯಾರೋ ಅಮ್ಮನವರು ಅಂದ್ಯಲ್ಲೋ! ಬದುಕಿದ್ದೂ ಮನೇಲಿಲ್ಲ ಅಂದ್ಯಲ್ಲೋ!"

ಐದನೆಯ ದಿನ ಮಂಡಳಿಯ ಕಾಗದ ಬಂತು. ಮಾಲೀಕರು ಸದರಿ ಮನೆಯಲ್ಲಿ ವಾಸವಿಲ್ಲ. ಕೂಲಿ ಅಡಿಗೆಯವನನ್ನಿಟ್ಟು ಮನೆಯನ್ನು ಹೆಂಗಸರ ಊಟ ವಸತಿ ಗೃಹವಾಗಿ ನಡೆಸಲಾಗುತ್ತಿದೆ. ಕ್ರಯಪತ್ರ ತಡೆಹಿಡಿಯಲಾಗಿದೆ.  ವೆಂಕಟಸುಬ್ಬಯ್ಯನವರು ಕರಿ ಕೋಟು ತೊಟ್ಟು ಮಂಡಳಿಗೆ ಓಡಿದರು.

ಮಂಡಳಿಯ ದೊಡ್ಡ ಸಾಹೇಬರು ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ತರಿಸಿದರು. ವೆಂಕಟಸುಬ್ಬಯ್ಯನವರು ಮಾನ ಮರ್ಯಾದೆ ಎಲ್ಲವನ್ನೂ ಮೇಜಿನ ಮೇಲಿಟ್ಟು ಹೇಳಿದರು: "ಸ್ವಾಮಿ, ಆ ಅಡಿಗೆಯವನು ನಾನೇ."

ಸಾಹೇಬರು ಫೈಲನ್ನು ನಿಧಾನವಾಗಿ ಓದಿದರು. ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ನೋಡಿ ವೆಂಕಟಸುಬ್ಬಯ್ಯನವರೇ, ನನಗೆ ನಿಮ್ಮ ಮೇಲೆ ಗೌರವ ಇದೆ. ಆ ಒಲೆ ನಿಯಮ ಬರ್ಕೊಟ್ಟೋರೇ ನೀವು. ಆದ್ರೆ ಈಗ ಎರಡರಲ್ಲಿ ಒಂದನ್ನ ನಾನು ಬರೀಬೇಕು. ನೀವು ಮನೇಲಿದ್ರಿ ಅಂತಾದ್ರೆ, ಅಧಿಕಾರಿಗೆ ಸುಳ್ಳು ಹೇಳಿದ ಹಾಗಾಯ್ತು. ಅದಕ್ಕೆ ನಿವೇಶನಾನೇ ವಾಪಸ್ ತಗೋಬೇಕಾಗುತ್ತೆ. ನೀವು ಮನೇಲಿರಲಿಲ್ಲ ಅಂತಾದ್ರೆ, ಇವತ್ತು ವಾಪಸ್ ಬಂದ್ರಿ ಅಂತ ಬರ್ಕೊಂಡು, ಇವತ್ತಿಂದ ಹೊಸದಾಗಿ ಐದು ವರ್ಷ ಎಣಿಸ್ತೀವಿ. ಯಾವುದು ಬರೀಲಿ?"

"ಒಲೆ?" ಎಂದು ವೆಂಕಟಸುಬ್ಬಯ್ಯನವರು ಕ್ಷೀಣವಾಗಿ ಕೇಳಿದರು.

"ಒಂದೇ ಇರಬೇಕು. ಐದು ವರ್ಷಾನೂ."

ತಾವೇ ಕಟ್ಟಿಸಿದ, ತಾವೇ ದಿನವೂ ಮಲಗಿ ಏಳುವ ಮನೆಯಲ್ಲಿ ತಾವು ಇರಲೇ ಇಲ್ಲವೆಂದು ವೆಂಕಟಸುಬ್ಬಯ್ಯನವರು ಮೂರು ಪ್ರತಿಗಳಿಗೆ ತಮ್ಮ ಕೈಯಾರೆ ರುಜು ಹಾಕಿಕೊಟ್ಟರು. ಹೊರಗೆ ಬರುವಾಗ ಕಲೀಮುಲ್ಲಾ ಎದುರಾದರು. ಅವರ ಕ್ರಯಪತ್ರ ಆ ದಿನವೇ ಕೈಗೆ ಸಿಕ್ಕಿತ್ತು. ಜೇಬಿನಿಂದ ಒಂದು ಪೇಡ ತೆಗೆದು ಇವರ ಬಾಯಿಗೇ ಇಟ್ಟರು. ಉಗುಳುವಂತಿರಲಿಲ್ಲ, ನುಂಗಿದರು.

ಮನೆಗೆ ಬಂದಾಗ ವರಾಂಡದಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕುಳಿತು ನಗುನಗುತ್ತ ಹೂ ಕಟ್ಟುತ್ತಿದ್ದರು. ಈಚೆಗೆ ಅವರಿಗೆ ಬೇಕಾದಷ್ಟು ಬಿಡುವಿರುತ್ತಿತ್ತು. ವೆಂಕಟಸುಬ್ಬಯ್ಯನವರು ಮೆಟ್ಟಿಲ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಹೇಳಿದರು. ಕೊನೆಗೆ "ಐದು ವರ್ಷ ಕಣಮ್ಮಾ, ಐದು ವರ್ಷ" ಎಂದು ಹಣೆ ಚಚ್ಚಿಕೊಂಡರು.

"ಐದು ವರ್ಷ ತಾನೆ?" ಎಂದರು ಸೀತಾಲಕ್ಷ್ಮಮ್ಮ. "ನಿನ್ನ ಕೈಗೂ ಈಗ ತಾನೇ ಹದ ಸಿಕ್ತಾ ಇದೆ."

"ಹೌದತ್ತೆ" ಎಂದಳು ಜಲಜಾ. "ನೆನ್ನೆ ಸಾರು ಪರವಾಗಿರಲಿಲ್ಲ. ಏನೂಂದ್ರೆ, ಕತ್ತಲಾಗೋಕೆ ಮುಂಚೆ ಸ್ನಾನ ಮುಗಿಸಿ ಒಲೆ ಹಚ್ಚಿ, ಅತ್ತೆಗೆ ಹಸಿವಾಗ್ತಿದೆಯಂತೆ."

ವೆಂಕಟಸುಬ್ಬಯ್ಯನವರು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ತಣ್ಣೀರು ಹಿಡಿಯಲು ಬಿಂದಿಗೆ ತೆಗೆದುಕೊಂಡು ಕೊಳಾಯಿಯ ಕಡೆಗೆ ನಡೆದರು.